ಕತ್ತರಿಗೆ ಮೊದಲು ಕೊಂಬೆ

ಮಳೆಗಾಲದ ಇರುಳಿನಲ್ಲಿ ಥಂಡಿಗಾಳಿ ತಗಲದಿರಲೆಂದು ಹಕ್ಕಿಯ ಪಂಜರಕ್ಕೆ ಹಳೆಯ ಪಂಚೆಯೊಂದನ್ನು ಹೊದಿಸುವವರುಂಟು. ಒಳಗಿನ ಹಕ್ಕಿಯ ಉಗುರು ಬೆಳೆದು ಕೊಕ್ಕೆಯಂತೆ ಬಾಗಿದ್ದರೆ ಆ ಪಂಚೆಯೇ ಉರುಳಾದೀತು. ಕತ್ತಲಲ್ಲಿ ಬೆಚ್ಚಿ ಹಾರಿದ ಹಕ್ಕಿಯ ಉಗುರು ನೂಲಿಗೆ ಸಿಕ್ಕಿ, ಒಂಟಿಕಾಲಿನಲ್ಲಿ ತೂಗುತ್ತ ಬೆಳಗಿನವರೆಗೆ ಒದ್ದಾಡಿದರೆ ಕಾಲು ಉಳಿಯುವ ಭರವಸೆ ಕಡಿಮೆ. ಮುಂಜಾನೆ ಪಂಚೆ ಸರಿಸುವುದು ಹೆಚ್ಚಾಗಿ ಮನೆಯ ಮಗುವೇ.

ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಹಕ್ಕಿಗಳು ಬಹುಪಾಲು ಬಡ್ಜರಿಗರ್‌ಗಳು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಬಡ್ಜರಿಗರ್‌ನ ತವರು ಆಸ್ಟ್ರೇಲಿಯದ ಒಣ ಹುಲ್ಲುಗಾವಲು. 1840ರಲ್ಲಿ ಜಾನ್ ಗೌಲ್ಡ್ ಇದನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಇದು ಲೋಕದ ಪಂಜರಗಳನ್ನೆಲ್ಲ ಹೊಕ್ಕಿತು. (ಈ ನೆಲದ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವಾದುದರಿಂದ ಅದರ ಮಾತು ಇಲ್ಲಿ ಬೇಡ.) ತವರಿನಲ್ಲಿ ಈ ಹಕ್ಕಿ ನೆಲದ ಮೇಲೆ ನಡೆದಾಡಿ ಹುಲ್ಲಿನ ಬೀಜ ಹೆಕ್ಕುತ್ತದೆ, ಒರಟು ತೊಗಟೆಯನ್ನು ಏರಿ ಇಳಿಯುತ್ತದೆ. ಉಗುರು ಬೆಳೆದಷ್ಟೂ ಸವೆಯುತ್ತದೆ. ಪಂಜರದಲ್ಲಿ ಸವೆಸುವಂಥದು ಏನೂ ಇಲ್ಲ. ಅಂಗಡಿಯವರು ಪಂಜರದೊಂದಿಗೆ ಕೊಡುವ ಪ್ಲಾಸ್ಟಿಕ್ ಕೋಲು ನುಣುಪು. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ದಪ್ಪ.

ಕೆಡುಕು ಉಗುರಿನಲ್ಲೇ ನಿಲ್ಲುವುದಿಲ್ಲ. ಈ ಹಕ್ಕಿ ಹಗಲು ನಿಲ್ಲುವುದೂ ಇರುಳು ನಿದ್ರಿಸುವುದೂ ಕಾಲಿನ ಮೇಲೆಯೇ. ಕೋಲು ಬದಲಾಗದಿದ್ದರೆ ಅಂಗಾಲಿನ ಅದೇ ಜಾಗಕ್ಕೆ ತಿಂಗಳುಗಟ್ಟಲೆ ಭಾರ ಬೀಳುತ್ತದೆ. ಮೊದಲು ಚರ್ಮ ಕೆಂಪೇರಿ ಹೊಳೆಯುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಸೋಂಕು ಮೂಳೆಗೆ ಇಳಿದ ಮೇಲೆ ಗುಣಪಡಿಸುವುದು ಕಷ್ಟ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಂತಹ ಸೀಮೆಯಲ್ಲಿ ಹಿಕ್ಕೆ ಮೆತ್ತಿದ ಒದ್ದೆ ಕೋಲು ಈ ಹುಣ್ಣಿಗೆ ಇನ್ನಷ್ಟು ಅನುಕೂಲ. ಬರಿಯ ನವಣೆ ತಿಂದು ಬದುಕುವ ಹಕ್ಕಿಗೆ ಎ ಜೀವಸತ್ವ ಸಾಲದೆ ಚರ್ಮದ ಬಲವೂ ಕುಂದುತ್ತದೆ. ಹಿತ್ತಿಲಿನ ನುಗ್ಗೆ ಸೊಪ್ಪು, ಹರಿವೆ ಸೊಪ್ಪು ಇದಕ್ಕೆ ಒದಗುತ್ತವೆ.

ಪರಿಹಾರಕ್ಕೆ ಹಣ ಬೇಕಿಲ್ಲ. ಕೀಟನಾಶಕ ತಾಗದ ಪೇರಳೆ ಮರದ ಕೊಂಬೆಗಳನ್ನು ಕಡಿದು, ತೊಳೆದು, ಒಣಗಿಸಿ, ತೊಗಟೆ ಸುಲಿಯದೆ ಪಂಜರದಲ್ಲಿ ಓರೆಕೋರೆಯಾಗಿ ಕಟ್ಟಿದರಾಯಿತು. ಬೇವೂ ಆಗಬಹುದು, ಕಣಗಿಲೆ ವಿಷ, ಸರ್ವಥಾ ಕೂಡದು. ಅಡಿಕೆಮರದ ಸೀಳು ಕೈಗೆ ಸುಲಭವಾಗಿ ಸಿಗುವುದು ದಿಟ, ಆದರೆ ಅದರ ಸಿಬಿರು ಅಂಗಾಲಿಗೆ ಚುಚ್ಚುತ್ತದೆ. ಕೊಂಬೆಯ ದಪ್ಪ ಒಂದರಿಂದ ಎರಡು ಸೆಂ.ಮೀ. ಒಳಗೆ ಏರುಪೇರಾಗಿರಲಿ. ಬೆರಳುಗಳು ಸುತ್ತಿ ಬಂದು ಒಂದಕ್ಕೊಂದು ತಾಗಿದರೆ ಕೊಂಬೆ ತೆಳುವಾಯಿತೆಂದೇ ಅರ್ಥ. ಎರಡು ಜೊತೆ ಕೊಂಬೆಗಳಿದ್ದರೆ ಮಳೆಗಾಲದಲ್ಲಿ ಒಂದನ್ನು ಒಲೆಯ ಬಳಿ ಒಣಗಲು ಇಟ್ಟು ಇನ್ನೊಂದನ್ನು ಬಳಸಬಹುದು. ಉಗುರು ಸವೆಯಲೆಂದು ಮರಳುಕಾಗದ ಸುತ್ತಿದ ಕೋಲನ್ನು ಮಾರುವವರಿದ್ದಾರೆ. ಅದು ಕೆರೆಯುವುದು ಅಂಗಾಲನ್ನು, ಉಗುರನ್ನಲ್ಲ.

ಕಾಲಿನ ಮೇಲೆ, ಮೂಗಿನ ಬುಡದಲ್ಲಿ ಬೂದುಬಿಳಿ ಹುರುಕು ಜೇನುಹಲ್ಲೆಯ ಹಾಗೆ ಕಟ್ಟಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಕೋಳಿಯ ಕಾಲಿಗೆ ಸವರುವ ಸೀಮೆಎಣ್ಣೆ ಈ ಪುಟ್ಟ ಜೀವಕ್ಕೆ ಸಲ್ಲದು. ಪಶುವೈದ್ಯರು ತೂಕ ನೋಡಿ ಹಾಕುವ ಐವರ್ಮೆಕ್ಟಿನ್ ಹನಿಯಿಂದ ಇದು ಸಾಮಾನ್ಯವಾಗಿ ವಾಸಿಯಾಗುತ್ತದೆ. ಕೊಂಬೆ ಸರಿಯಿದ್ದೂ ಉಗುರು, ಕೊಕ್ಕು ಎರಡೂ ಒಮ್ಮೆಲೆ ಉದ್ದವಾದರೆ ಪಿತ್ತಜನಕಾಂಗದ ರೋಗವಿರಬಹುದು; ಆಗಲೂ ವೈದ್ಯರೇ ಗತಿ.

ಇಷ್ಟಾದ ಮೇಲೂ ಉಗುರು ಮಿಕ್ಕಿದರೆ ಕತ್ತರಿ. ಹಿಡಿಯುವವರೊಬ್ಬರು, ಕತ್ತರಿಸುವವರೊಬ್ಬರು ಬೇಕು. ಹಕ್ಕಿಗೆ ಮನುಷ್ಯರಂತೆ ವಪೆಯಿಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರಷ್ಟೇ ಉಸಿರು. ಆದ್ದರಿಂದ ಕುತ್ತಿಗೆಯ ಎರಡು ಬದಿಗೆ ಬೆರಳಿಟ್ಟು ಮೃದುವಾಗಿ ಹಿಡಿಯಬೇಕೇ ಹೊರತು ಎದೆಯನ್ನು ಅದುಮಬಾರದು. ತಿಳಿಬಣ್ಣದ ಉಗುರನ್ನು ಬೆಳಕಿಗೆ ಹಿಡಿದರೆ ಒಳಗಿನ ರಕ್ತನಾಳ ನಸುಗೆಂಪು ಗೆರೆಯಾಗಿ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಕಾಣದು. ಅಲ್ಲಿ ಒಂದು ಮಿ.ಮೀ. ತುದಿಯನ್ನಷ್ಟೇ ತೆಗೆದು ನಿಲ್ಲಿಸುವುದು ಲೇಸು, ಉಳಿದದ್ದು ಇನ್ನೊಂದು ದಿನಕ್ಕೆ. 35 ಗ್ರಾಂ ತೂಗುವ ಹಕ್ಕಿಯ ಮೈಯಲ್ಲಿರುವ ರಕ್ತ ಸುಮಾರು 3 ಮಿ.ಲೀ., ಒಂದು ಚಹಾ ಚಮಚದಷ್ಟೂ ಅಲ್ಲ. ಮನುಷ್ಯನಿಗೆ ಲೆಕ್ಕಕ್ಕಿಲ್ಲದ ಹತ್ತಾರು ಹನಿ ಅದಕ್ಕೆ ಪ್ರಾಣ. ಕತ್ತರಿ ಎತ್ತುವ ಮೊದಲೇ ಕಾರ್ನ್‌ಫ್ಲೋರ್ ಅಥವಾ ಮೈದಾ ಹಿಟ್ಟನ್ನು ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ನಾಳ ತುಂಡಾದರೆ ಆ ಹಿಟ್ಟನ್ನು ಉಗುರಿನ ತುದಿಗೆ ಒತ್ತಿ ಹಿಡಿಯಬೇಕು. ಐದು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ ಪಶುವೈದ್ಯರಲ್ಲಿಗೆ ಧಾವಿಸಬೇಕು. ನಿಂತ ಮೇಲೂ ಒಂದೆರಡು ಗಂಟೆ ಹಕ್ಕಿಯನ್ನು ಮಬ್ಬುಬೆಳಕಿನಲ್ಲಿ ಬೇರೆಯಾಗಿಯೇ ಇಡುವುದು ಒಳ್ಳೆಯದು. ಜೊತೆಗಾರ ಹಕ್ಕಿ ಆ ಗಾಯವನ್ನು ಕುಕ್ಕುವುದುಂಟು.