ಟೈರ್ ಸವೆದರೆ ಡ್ರೈವರ್ ತಪ್ಪೇ?

ನಾವು ನಾಲ್ಕು ಜನ ಮೆಕ್ಯಾನಿಕಲ್ ಎರಡನೇ ವರ್ಷದವರು. ಊರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಒಂದೇ ಜಿಲ್ಲೆಯಾದ್ರೂ ಯಾವುದರಲ್ಲೂ ಒಮ್ಮತ ಇಲ್ಲ. ಅಡಿಕೆ ಮಾತು ಬಂದರೆ ಚನ್ನಗಿರಿಯವನಿಗೆ ಜಂಬ, ಮಳೆ ಮಾತು ಬಂದರೆ ಜಗಳೂರಿನವನಿಗೆ ಬೇಜಾರು. ಆದ್ರೆ ಈ ಸಲ ಒಂದು ವಿಷಯದಲ್ಲಿ ನಾಲ್ಕೂ ಜನ ಒಪ್ಪಿದ್ದೀವಿ. ಗಾಡಿಯ ಒಂದೇ ಟೈರ್ ಬೇಗ ಸವೆದಿದ್ದರೆ, ಡ್ರೈವರ್‌ಗೆ ಬಯ್ಯೋ ಮೊದಲು ಗಾಡಿಯನ್ನ ತೂಕಕ್ಕೆ ಹಾಕಬೇಕು.

ಯಾಕೆ ಅಂತ ಹೇಳ್ತೀವಿ. ನಮ್ಮಲ್ಲಿ ನ್ಯಾಮತಿಯವನ ಸೋದರಮಾವ ಟೆಂಪೋ ಟ್ರಾವೆಲರ್ ಓಡಿಸ್ತಾರೆ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಅಂತ ಫ್ಯಾಮಿಲಿಗಳನ್ನ ಕರ್ಕೊಂಡು ಹೋಗೋ ಗಾಡಿ. ದಾರೀಲೇ ಅಡುಗೆ ಮಾಡ್ಕೊಂಡು ಹೋಗೋರಿಗೆ ಅನುಕೂಲ ಆಗ್ಲಿ ಅಂತ ಮಾಲೀಕರು ಹಿಂದಿನ ಎಡಮೂಲೆಯ ಸೀಟುಗಳನ್ನ ತೆಗೆಸಿ, ಅಲ್ಲಿ 200 ಲೀಟರ್ ನೀರಿನ ಡ್ರಮ್ಮು, ಅಕ್ಕಿ ಮೂಟೆ, ಪಾತ್ರೆಗಳಿಗೆ ಜಾಗ ಮಾಡಿಸಿದ್ದಾರೆ. ಹೊರದೇಶದಲ್ಲಿ ಇಂಥದ್ದಕ್ಕೆ ಕ್ಯಾಂಪರ್ ಅಂತಾರೆ, ನಮ್ಮಲ್ಲಿ ಯಾತ್ರೆ ಗಾಡಿ.

ಒಂದೇ ವರ್ಷದಲ್ಲಿ ಹಿಂದಿನ ಎಡಗಡೆಯ ಹೊರಟೈರ್ ಎರಡು ಸಲ ಬದಲಾಯ್ತು. ಬಲಗಡೆದು ಗಟ್ಟಿಮುಟ್ಟಾಗೇ ಇತ್ತು. "ಘಾಟಿಯಲ್ಲಿ ಅಡ್ಡಾದಿಡ್ಡಿ ಬ್ರೇಕ್ ಹಾಕ್ತೀಯ, ರಸ್ತೆ ಅಂಚಿಗೆ ಇಳಿಸ್ತೀಯ" ಅಂತ ಮಾಲೀಕರು ಟೈರ್ ದುಡ್ಡನ್ನ ತಿಂಗಳ ಸಂಬಳದಲ್ಲಿ ಮುರ್ಕೊಳ್ಳೋಕೆ ಶುರು ಮಾಡಿದರು. ಮಾವ ನಮ್ಮ ಹತ್ರ ಹೇಳಿದ್ದು ಒಂದೇ ಮಾತು: "ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದೀನಿ ಕಣ್ರೋ. ನಾಲ್ಕು ಟೈರ್ ಬಿಟ್ಟು ಒಂದನ್ನೇ ಸವೆಸೋ ವಿದ್ಯೆ ನಂಗೆ ಬರಲ್ಲ."

ನಾವು ತಕ್ಷಣ ಟೋ, ಕ್ಯಾಂಬರ್, ಕ್ಯಾಸ್ಟರ್ ಅಂತ ಶುರು ಮಾಡಿದ್ವಿ. "ಕನ್ನಡದಲ್ಲಿ ಹೇಳ್ರಪ್ಪಾ" ಅಂದ್ರು. ಆಗ ಗೊತ್ತಾಯ್ತು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಡೆಫಿನಿಷನ್ ಬಾಯಿಪಾಠ ಇದೆ, ಟೈರ್ ಮುಂದೆ ಕೂತು ಹೇಳೋಕೆ ಬರಲ್ಲ. ಪಂಚರ್ ಅಂಗಡಿ ಅಣ್ಣ ಟ್ರೆಡ್ ಮೇಲೆ ಕೈಯಾಡಿಸಿ ಎರಡೇ ನಿಮಿಷದಲ್ಲಿ ಹೇಳಿದರು. ಅವರು ಹೇಳಿದ್ದಕ್ಕೆ ನಾವು ಓದಿದ್ದನ್ನ ಸೇರಿಸಿದರೆ ಹೀಗಾಗುತ್ತೆ. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಇಲ್ಲವೇ ಆ ಗಾಳಿಗೆ ಭಾರ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಚಕ್ರ ವಾಲಿದೆ, ಅದೇ ಕ್ಯಾಂಬರ್. ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಸಿಕ್ಕಿದರೆ ಟೋ ತಪ್ಪಿದೆ. ಅಲ್ಲಲ್ಲಿ ಗುಂಡಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ನೋಡಿಸಬೇಕು.

ಮಾವನ ಟೈರ್‌ನಲ್ಲಿ ಎರಡೂ ಅಂಚು ಹೋಗಿತ್ತು. ಜೋರಾಗಿ ಬ್ರೇಕ್ ಹಾಕೋದೇ ಕಾರಣ ಆಗಿದ್ದರೆ ಬಲಗಡೆಯೂ ಸವೀಬೇಕಿತ್ತು. ಎಡಗಡೆ ಬ್ರೇಕ್ ಹಿಡ್ಕೊಂಡಿದೆಯಾ ಅಂತ ಒಂದು ಟ್ರಿಪ್ ಆದಮೇಲೆ ಎರಡೂ ಕಡೆ ಡ್ರಮ್ ಬಿಸಿ ನೋಡಿದ್ವಿ, ಸಮ ಇತ್ತು. ಉಳಿದದ್ದು ಭಾರ.

ಭಾರ ಅಳೆಯೋಕೆ ನಮ್ಮ ಕಡೆ ದೂರ ಹೋಗಬೇಕಿಲ್ಲ. ಅಡಿಕೆ, ಭತ್ತ, ಮೆಕ್ಕೆಜೋಳ ಬೆಳೆಯೋ ಸೀಮೆ, ವೇಬ್ರಿಡ್ಜ್‌ಗೇನು ಬರ ಇಲ್ಲ. ಯಾತ್ರೆ ಹೊರಟ ದಿನ ಬೆಳಗ್ಗೆ ಜನ, ಸಾಮಾನು ಎಲ್ಲಾ ತುಂಬಿಕೊಂಡೇ ಹೊನ್ನಾಳಿಯಲ್ಲಿ ನಿಲ್ಲಿಸಿದ್ವಿ. "ಲೋಡ್ ಏನು?" ಅಂತ ಕೇಳಿದರು. "ಅಜ್ಜಿ, ದೊಡ್ಡಮ್ಮ, ಮಕ್ಕಳು" ಅಂದ್ವಿ. ಪೂರ್ತಿ ಗಾಡಿ 4,150 ಕೆಜಿ, ಆರ್‌ಸಿಯಲ್ಲಿರೋ ಮಿತಿಯೊಳಗೇ ಇತ್ತು. ಮಾಲೀಕರು ಯಾವಾಗಲೂ ಹೇಳ್ತಿದ್ದಿದ್ದೂ ಇದನ್ನೇ. ಆಮೇಲೆ ಹಿಂದಿನ ಆಕ್ಸಲ್ ಮಾತ್ರ ಹತ್ತಿಸಿದ್ವಿ: 2,620. ಕೊನೆಗೆ ಹಿಂದಿನ ಎಡಗಡೆಯ ಚಕ್ರ ಮಾತ್ರ: 1,480. ಅಂದರೆ ಬಲಕ್ಕೆ ಉಳಿದದ್ದು 1,140. ಒಂದೇ ಆಕ್ಸಲ್‌ನಲ್ಲಿ ಸುಮಾರು 340 ಕೆಜಿ ವ್ಯತ್ಯಾಸ! (ಈ ಥರ ಒಂದು ಚಕ್ರ ಮಾತ್ರ ತೂಗೋದು, ಪ್ಲಾಟ್‌ಫಾರಂ ನೆಲದ ಮಟ್ಟಕ್ಕೆ ಇದ್ದಾಗ ಮಾತ್ರ. ಗಾಡಿ ವಾಲಿದರೆ ಲೆಕ್ಕ ತಪ್ಪುತ್ತೆ.)

ಇನ್ನೊಂದು ಸಿಕ್ಕಿತು. ಹಿಂದೆ ಜೋಡಿ ಟೈರ್. ಒಳಗಿನದರ ವಾಲ್ವ್‌ಗೆ ಕೈ ಎಟುಕಲ್ಲ ಅಂತ ಗಾಳಿ ಹಾಕೋರು ಹೊರಗಿನದಕ್ಕೆ ಹಾಕಿ ಬಿಡ್ತಿದ್ದರು. ಎಡಗಡೆಯ ಒಳಟೈರ್‌ನಲ್ಲಿ ಹೊರಗಿನದಕ್ಕಿಂತ 20 ಪಿಎಸ್‌ಐ ಕಡಿಮೆ ಇತ್ತು. ಜೋಡಿಯಲ್ಲಿ ಒಂದು ಮೈಗಳ್ಳ ಆದರೆ ಇನ್ನೊಂದು ಅದರ ಪಾಲಿನ ಭಾರವನ್ನೂ ಹೊರಬೇಕು. ಮೊದಲೇ ಭಾರದ ಮೂಲೆ, ಅದರಲ್ಲೂ ಹೊರಟೈರ್ ಒಂದೇ ದುಡೀತಿತ್ತು.

ಮೊದಲ ವರ್ಷದ ಮೆಕ್ಯಾನಿಕ್ಸ್ ಕೂಡ ಇಲ್ಲೇ ಕೆಲಸಕ್ಕೆ ಬಂತು. ಎರಡು ಆಕ್ಸಲ್ ನಡುವೆ 3.5 ಮೀಟರ್ ಅಂತ ಇಟ್ಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದೆ 300 ಕೆಜಿ ಇಟ್ಟರೆ ಆ ಆಕ್ಸಲ್ ಮೇಲೆ ಬೀಳೋದು 300 ಅಲ್ಲ, 386. ಮುಂದಿನ ಆಕ್ಸಲ್ 86 ಕೆಜಿ ಹಗುರ ಆಗುತ್ತೆ. ಸ್ಟೇರಿಂಗ್ ಇರೋದು ಮುಂದಿನ ಚಕ್ರಕ್ಕೆ ಅನ್ನೋದು ನೆನಪಿರಲಿ. ಮೊಮೆಂಟ್ ಲೆಕ್ಕದಲ್ಲಿ ಮಾರ್ಕ್ಸ್ ತಗೊಂಡವರೇ ಎಲ್ಲರೂ, ಯಾತ್ರೆ ಹೋಗುವಾಗ ಡ್ರಮ್ ಎಲ್ಲಿಟ್ಟಿದ್ದಾರೆ ಅಂತ ನಾವ್ಯಾರಾದ್ರೂ ನೋಡಿದ್ದೀವಾ?

ಡ್ರೈವರ್‌ಗಳು ಯಾವತ್ತೂ ತಪ್ಪೇ ಮಾಡಲ್ಲ ಅಂತ ನಾವು ಹೇಳ್ತಿಲ್ಲ. ಗಾಳಿ ನೋಡಿಸದೆ ಹೋಗೋರು ಇದ್ದಾರೆ, ತಿರುವಿನಲ್ಲಿ ನುಗ್ಗಿಸೋರೂ ಇದ್ದಾರೆ. ಮಾಲೀಕರ ಕಷ್ಟವೂ ಸುಳ್ಳಲ್ಲ, ಟೈರ್ ಬೆಲೆ ನಮಗೂ ಗೊತ್ತು. ಆದ್ರೆ ಮೆಕ್ಕೆಜೋಳಕ್ಕೆ ಚೀಟಿ ಇಲ್ಲದೆ ಯಾರೂ ದುಡ್ಡು ಕೊಡಲ್ಲ. ಹಾಗಿದ್ದಾಗ ಒಬ್ಬರ ಸಂಬಳಕ್ಕೆ ಕೈ ಹಾಕೋ ಮುಂಚೆಯೂ ಒಂದು ಚೀಟಿ ಕೇಳೋದು ಹೆಚ್ಚಾಯ್ತಾ?

ಜೀವದ ಪ್ರಶ್ನೆಯೂ ಇದೆ. ಟ್ರೆಡ್ ಆಳ 1.6 ಮಿಮೀಗಿಂತ ಕಡಿಮೆ ಆದರೆ ಇಂಥ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ, ನಿಯಮ ಅದು. ಗೀರಿನೊಳಗೆ ಅಡ್ಡ ಇರೋ ಸಣ್ಣ ಉಬ್ಬು ಆ ಮಟ್ಟವನ್ನ ತೋರಿಸುತ್ತೆ. ಆದ್ರೆ ನಡುವೆ ಮಾತ್ರ ನೋಡಿದರೆ ಮಾವನ ಟೈರ್ ಚೆನ್ನಾಗೇ ಕಾಣ್ತಿತ್ತು. ಹೋಗಿದ್ದು ಅಂಚು.

ಈಗ ಡ್ರಮ್ ಬದಲು 20 ಲೀಟರ್ ಕ್ಯಾನ್‌ಗಳು ಬಂದಿವೆ, ಆಕ್ಸಲ್‌ಗಿಂತ ಮುಂದೆ, ಎರಡೂ ಕಡೆ ಹಂಚಿ ಇಟ್ಟಿದ್ದಾರೆ. ಒಳಟೈರ್‌ಗೆ ಉದ್ದದ ವಾಲ್ವ್ ಹಾಕಿಸಿದ್ದಾರೆ. ಮೂರೂ ಚೀಟಿ ನೋಡಿ ಮಾಲೀಕರು ಏನೂ ಮಾತಾಡಲಿಲ್ಲ. ಮುಂದಿನ ತಿಂಗಳು ಸಂಬಳ ಪೂರ್ತಿ ಬಂತು. ಹಿಂದೆ ಮುರ್ಕೊಂಡ ದುಡ್ಡು ಇನ್ನೂ ಬಂದಿಲ್ಲ, ಕೇಳೋಕೆ ಮಾವನಿಗೆ ಸಂಕೋಚ.

ನಿಮ್ಮ ಮನೇಲೂ ಲಾರಿ, ಟ್ರ್ಯಾಕ್ಟರ್, ಟೆಂಪೋ ಓಡಿಸೋರು ಇರ್ತಾರೆ. ಈ ಸಲ ರಜಕ್ಕೆ ಊರಿಗೆ ಹೋದಾಗ ಟೈರ್ ಮೇಲೆ ಒಂದ್ಸಲ ಕೈಯಾಡಿಸಿ ನೋಡಿ, ಅಂಚಿನಿಂದ ಅಂಚಿಗೆ. ನೋಡಿದ್ದನ್ನ ಅವರಿಗೆ ಕನ್ನಡದಲ್ಲೇ ಹೇಳಿ.