ಬುದ್ಧಿಹಲ್ಲಿನ ವಿದಾಯ

ಮಗುವಿಗೆ ಮೊದಲ ಹಲ್ಲು ಮೂಡಿದಾಗ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಮುದುಕನ ಕೊನೆಯ ಹಲ್ಲು ಉದುರಿದಾಗ ಅಯ್ಯೋ ಎನ್ನುತ್ತಾರೆ. ಇವೆರಡರ ನಡುವೆ, ಸುಮಾರು 17ರಿಂದ 25ರ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಕೇಳದೆ ಬಾಯಿಯ ಕಟ್ಟಕಡೆಯ ಮೂಲೆಗಳಲ್ಲಿ ತಲೆಯೆತ್ತುವ ನಾಲ್ಕು ಹಲ್ಲುಗಳಿಗೆ ಮಾತ್ರ ಸ್ವಾಗತವೆಂಬುದೇ ಇಲ್ಲ. ಅವಕ್ಕೆ ಬುದ್ಧಿಹಲ್ಲು ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿಯೂ ಅವು ಜ್ಞಾನದ ಹಲ್ಲುಗಳೇ. ಉರ್ದು ಮಾತಿನವರು ‘ಅಕಲ್ ದಾಢ್’ ಎನ್ನುತ್ತಾರೆ. ವಿವೇಕ ಬರಬೇಕಾದ ವಯಸ್ಸಿನಲ್ಲಿ ಬರುತ್ತವೆಂಬುದರಿಂದ ಬಂದ ಹೆಸರೇ ಹೊರತು, ವಿವೇಕಕ್ಕೂ ಅವಕ್ಕೂ ಬೇರೆ ನಂಟಿಲ್ಲ. ಹಲ್ಲಿನೊಡನೆ ಬುದ್ಧಿಯೂ ಬರುವಂತಿದ್ದರೆ ಕಾಲೇಜುಗಳ ಕೆಲಸ ಎಷ್ಟೋ ಹಗುರಾಗುತ್ತಿತ್ತು!

ಈ ಹಲ್ಲುಗಳ ದುರದೃಷ್ಟವೆಂದರೆ, ಅವು ಬರುವ ವೇಳೆಗೆ ಮನೆಯಲ್ಲಿ ಜಾಗ ಮುಗಿದಿರುತ್ತದೆ. ಹಸಿ ಗೆಡ್ಡೆಗೆಣಸುಗಳನ್ನೂ ಗಟ್ಟಿ ಕಾಳುಗಳನ್ನೂ ಅಗಿದು ತಿನ್ನುತ್ತಿದ್ದ ಪೂರ್ವಿಕರ ದವಡೆ ನೀಳವಾಗಿತ್ತು. ಬೇಯಿಸಿ ಮೆತ್ತಗಾದ ಊಟಕ್ಕೆ ಒಗ್ಗಿದ ಮನುಷ್ಯನ ದವಡೆ ಕಿರಿದಾಯಿತು. ಹಲ್ಲಿನ ಸಂಖ್ಯೆ ಮಾತ್ರ ಮೂವತ್ತೆರಡಾಗಿಯೇ ಉಳಿಯಿತು. ಬುದ್ಧಿಹಲ್ಲು ಕ್ರಮೇಣ ನಿರುಪಯುಕ್ತವಾಗುವ ಹಾದಿಯಲ್ಲಿದೆಯೆಂದು ಡಾರ್ವಿನ್ 1871ರಲ್ಲಿಯೇ ಬರೆದಿದ್ದನು. ಇಂದಿಗೂ ಕೆಲವರಿಗೆ ಅದು ಹುಟ್ಟುವುದೇ ಇಲ್ಲ, ಅವರು ಪುಣ್ಯವಂತರು. ಉಳಿದವರಲ್ಲಿ ಅನೇಕರಿಗೆ ಅದು ನೆಟ್ಟಗೆ ಏಳಲಾರದೆ ಮುಂದಿನ ಹಲ್ಲಿಗೆ ಒರಗುತ್ತದೆ, ಇಲ್ಲವೆ ಎಲುಬಿನೊಳಗೇ ಅಡ್ಡಲಾಗಿ ಮಲಗುತ್ತದೆ. ಅರ್ಧ ಮೂಡಿದ ಹಲ್ಲಿನ ಮೇಲೆ ವಸಡಿನ ಮುಸುಕು ಉಳಿದುಕೊಂಡರೆ ಅದರಡಿಯಲ್ಲಿ ಅನ್ನದ ಅಗುಳು ಸೇರಿ ಕೊಳೆತು, ಬಾವು ಬಂದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ.

ಇದು ಹೊಸಕಾಲದ ಕಾಯಿಲೆಯೇನೂ ಅಲ್ಲ. ದವಡೆಯ ಕಡೆಯ ಹಲ್ಲಿನಲ್ಲಿ ದೊಡ್ಡ ಬಾವೂ ತೀವ್ರವಾದ ನೋವೂ ಜೊಲ್ಲು ಸುರಿಯುವುದೂ ಕಂಡುಬರುವ ರೋಗವನ್ನು ಸುಶ್ರುತ ಸಂಹಿತೆ ‘ಅಧಿಮಾಂಸ’ವೆಂದು ಕರೆದು, ಬೆಳೆದ ಮಾಂಸವನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆಯನ್ನು ಹೇಳುತ್ತದೆ. ಹೆಚ್ಚಿನ ಹಲ್ಲೊಂದು ಮೂಡುವಾಗ ಬಹಳ ನೋಯುತ್ತದೆಂದೂ, ಮೂಡಿದ ಮೇಲೆ ನೋವು ತಾನಾಗಿ ಅಡಗುತ್ತದೆಂದೂ ಅದೇ ಗ್ರಂಥದಲ್ಲಿ ‘ವರ್ಧನ’ವೆಂಬ ಹೆಸರಿನಲ್ಲಿ ಹೇಳಿದೆ. ನೋವು ಕಂಡ ಬುದ್ಧಿಹಲ್ಲನ್ನೆಲ್ಲ ಕಿತ್ತೇ ತೀರಬೇಕೆಂಬ ಅವಸರವುಳ್ಳವರು ಈ ಎರಡನೆಯ ಮಾತನ್ನೂ ಗಮನಿಸಬೇಕು. ನೆಟ್ಟಗೆ ಬಂದು, ತೊಂದರೆ ಕೊಡದೆ, ಬ್ರಷ್ಷಿಗೆ ಸಿಕ್ಕುವ ಬುದ್ಧಿಹಲ್ಲನ್ನು ಮುಟ್ಟಬೇಕಾದ ಕಾರಣವಿಲ್ಲ. ರೋಗವಿಲ್ಲದ ಹಲ್ಲನ್ನು ಮುನ್ನೆಚ್ಚರಿಕೆಯೆಂಬ ನೆಪದಲ್ಲಿ ಕೀಳುವುದು ಬೇಡವೆಂದು ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯೂ 2000ದಲ್ಲಿ ಸೂಚಿಸಿತು. ಆದರೆ ಬಾವು ಮತ್ತೆ ಮತ್ತೆ ಬಂದರೆ, ಹುಳುಕು ತಗುಲಿದರೆ, ಪಕ್ಕದ ಒಳ್ಳೆಯ ಹಲ್ಲಿಗೆ ಕೇಡಾಗುತ್ತಿದ್ದರೆ ಕಾಯುವುದು ಜಾಣತನವಲ್ಲ. ಕಡೆಯ ಹಲ್ಲುಗಳ ಬುಡದ ಕೀವು ಗದ್ದದಡಿಗೆ ಇಳಿದು ಉಸಿರಿನ ದಾರಿಯನ್ನೇ ಒತ್ತಬಲ್ಲದು. ಜರ್ಮನಿಯ ಲೂಡ್‌ವಿಗ್ ಎಂಬ ವೈದ್ಯನು 1836ರಲ್ಲಿ ಇದನ್ನು ವರ್ಣಿಸಿದಾಗ ಅದು ಬಹುಮಟ್ಟಿಗೆ ಪ್ರಾಣಾಂತಕವಾದ ರೋಗವಾಗಿತ್ತು.

ಕೀಳಿಸುವುದೆಂದು ನಿಶ್ಚಯವಾದ ಮೇಲೆ ಎಲ್ಲರಿಗೂ ಇರುವ ಭಯವೆಂದರೆ ವೈದ್ಯರ ಕುರ್ಚಿಯದು. ವಾಸ್ತವವಾಗಿ ಭಯಪಡಬೇಕಾದ ಸ್ಥಳ ಅದಲ್ಲ. ಹಲ್ಲು ತೆಗೆಯುವ ಅರ್ಧ ಮುಕ್ಕಾಲು ಗಂಟೆಯ ಹೊಣೆ ವೈದ್ಯರದು. ಆಮೇಲಿನ ಏಳು ದಿನಗಳ ಹೊಣೆ ಮನೆಯವರದು. ಕೆಲಸ ಕೆಡುವುದಾದರೆ ಬಹುತೇಕ ಈ ಏಳು ದಿನಗಳಲ್ಲಿ, ಅದೂ ಮನೆಯವರ ಪ್ರೀತಿಯಿಂದಲೇ ಕೆಡುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಊರಿಗೆ ಬಂದಿದ್ದಾಳೆ. ಕೆಳದವಡೆಯ ಬುದ್ಧಿಹಲ್ಲನ್ನು ಹಾಸನದಲ್ಲಿ ತೆಗೆಸಿಕೊಂಡು ಊರಿನಲ್ಲಿಯೇ ಸುಧಾರಿಸಿಕೊಳ್ಳುವುದೆಂದು ಏರ್ಪಾಟು. ಹಾಸನದಲ್ಲಿ ಈಗ ಶ್ರೀ ಹಾಸನಾಂಬ ದಂತ ಮಹಾವಿದ್ಯಾಲಯವಿದೆ, ಖಾಸಗಿ ದಂತವೈದ್ಯರೂ ಇದ್ದಾರೆ. ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯ ಆರಂಭವಾದದ್ದೇ 1958ರಲ್ಲಿ ಎಂಬುದನ್ನು ನೆನೆದರೆ, ಇಂಥ ಅನುಕೂಲ ಜಿಲ್ಲೆಗಳಿಗೆ ಬಂದದ್ದು ಎಷ್ಟು ಈಚೆಗೆ ಎಂಬುದು ತಿಳಿಯುತ್ತದೆ. ಹೊರಡುವ ಮುನ್ನ ಅಜ್ಜಿಯ ಆಕ್ಷೇಪಣೆ ಇದ್ದೇ ಇರುತ್ತದೆ.

“ಬ್ಯಾಡ ಕಣವ್ವ, ಹಲ್ಲು ಕೀಳಿಸ್ಕೊಂಡ್ರೆ ಕಣ್ಣು ಮಂಜಾಯ್ತದೆ.”

“ಅದು ಮೇಲಿನ ಹಲ್ಲಿಗೆ ಹೇಳೋ ಮಾತು ಕಣಜ್ಜಿ. ನಂದು ಕೆಳಗಿಂದು.”

ಮೊಮ್ಮಗಳ ಉತ್ತರ ಚುರುಕಾಗಿದ್ದರೂ ಸರಿಯಲ್ಲ. ಮೇಲಿನದಾಗಲಿ ಕೆಳಗಿನದಾಗಲಿ, ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಮಿದುಳಿನಿಂದ ಹೊರಡುವ ನರಗಳ ಎಣಿಕೆಯಲ್ಲಿ ದೃಷ್ಟಿಯದು ಎರಡನೆಯದು, ಹಲ್ಲುಗಳದು ಐದನೆಯದರ ಕವಲು. ಹಲ್ಲು ಕಿತ್ತರೆ ಕಣ್ಣು ಹೋಗುವುದಿಲ್ಲ. ಹಲ್ಲುಗಳನ್ನು ಕಳೆದುಕೊಳ್ಳುವ ವಯಸ್ಸಿನಲ್ಲಿಯೇ ಹಿಂದಿನವರ ಕಣ್ಣಿಗೆ ಪೊರೆ ಬರುತ್ತಿದ್ದುದರಿಂದ ಈ ನಂಬಿಕೆ ಬೆಳೆದಿರಬಹುದು.

ವೈದ್ಯರು ಮೊದಲು ಎಕ್ಸ್‌ರೇ ತೆಗೆಸಿ, ಹಲ್ಲು ಮಲಗಿರುವ ಬಗೆಯನ್ನೂ ಅದರ ಬೇರಿಗೂ ಕೆಳತುಟಿಯ ನರಕ್ಕೂ ಇರುವ ಅಂತರವನ್ನೂ ನೋಡುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ರಕ್ತವನ್ನು ತೆಳುಮಾಡುವ ಮಾತ್ರೆ, ಯಾವುದಾದರೂ ಔಷಧಿ ಒಗ್ಗದಿರುವುದು, ಗರ್ಭ ಧರಿಸಿರುವುದು—ಇವುಗಳಲ್ಲಿ ಯಾವುದನ್ನೂ ಸಂಕೋಚದಿಂದ ಮುಚ್ಚಿಡಬಾರದು. ಮಾತ್ರೆಗಳನ್ನು ತಾವೇ ನಿಲ್ಲಿಸಲೂ ಬಾರದು. ಆ ಜಾಗವನ್ನಷ್ಟೇ ಮರಗಟ್ಟಿಸುವುದಾದರೆ ಹೊಟ್ಟೆಗೆ ಹಿತವಾಗಿ ತಿಂದುಕೊಂಡು ಹೋಗುವುದೇ ಮೇಲು. ಪೂರ್ತಿ ಮಂಪರು ಬರಿಸುವುದಿದ್ದರೆ ಮಾತ್ರ ಉಪವಾಸವಿರುವಂತೆ ಅವರೇ ಹೇಳುತ್ತಾರೆ.

ನೋವಿಲ್ಲದ ಶಸ್ತ್ರಚಿಕಿತ್ಸೆಗಾಗಿ ಜಗತ್ತು ಹಲ್ಲಿನ ವೈದ್ಯರಿಗೇ ಋಣಿಯಾಗಿದೆ. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗವನ್ನು ವೈದ್ಯರೆದುರು ಮಾಡಿ ತೋರಿಸಿದ ಮಾರ್ಟನ್ ಒಬ್ಬ ದಂತವೈದ್ಯ. ಈಗ ಬಳಕೆಯಲ್ಲಿರುವ ಲಿಗ್ನೊಕೇನ್ ಔಷಧವನ್ನು ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಿಸಿದರು. ಸೂಜಿ ಚುಚ್ಚುವಾಗ ಒಂದು ಕ್ಷಣ ಚುರುಕ್ಕೆನ್ನುತ್ತದೆ. ಆಮೇಲೆ ತುಟಿ, ಕೆನ್ನೆ, ನಾಲಗೆ ಯಾರವೋ ಎಂಬಂತಾಗುತ್ತವೆ. ನೋವು ತಿಳಿಯದಿದ್ದರೂ ಒತ್ತುವುದು, ಅಲುಗಿಸುವುದು ತಿಳಿಯುತ್ತದೆ. ಅಡ್ಡ ಮಲಗಿದ ಹಲ್ಲನ್ನು ಇಡಿಯಾಗಿ ಎಳೆಯುವುದಿಲ್ಲ. ವಸಡನ್ನು ಸೀಳಿ, ಸುತ್ತಲಿನ ಎಲುಬನ್ನು ಸ್ವಲ್ಪ ಕೊರೆದು, ಹಲ್ಲನ್ನು ತುಂಡುಮಾಡಿ ತೆಗೆಯುತ್ತಾರೆ. ತುಂಡಾಗುವಾಗ ಬರುವ ‘ಟಪ್ಪೆಂಬ’ ಸದ್ದು ತಲೆಯೊಳಗೇ ಮೊಳಗಿದಂತಿರುತ್ತದೆ. ಅದನ್ನು ಮೊದಲೇ ತಿಳಿದವರು ದವಡೆ ಮುರಿಯಿತೆಂದು ಗಾಬರಿಯಾಗುವುದಿಲ್ಲ.

ಹಲ್ಲು ಹೊರಬಂದ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಇಡೀ ಆರೈಕೆಯ ಗುಟ್ಟಿರುವುದು ಈ ಹೆಪ್ಪಿನಲ್ಲಿ. ಬರಿದಾದ ಎಲುಬಿಗೂ ನರಕ್ಕೂ ಅದೇ ಹೊದಿಕೆ. ಹೊಸ ಮಾಂಸ ಬೆಳೆಯುವುದು ಅದರೊಳಗೇ. ಅದನ್ನು ಕದಲಿಸದಿರುವುದೊಂದನ್ನು ನೆನಪಿಟ್ಟರೆ ವೈದ್ಯರು ಹೇಳುವ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಕಚ್ಚಿಕೊಳ್ಳಲು ಕೊಟ್ಟ ಬಟ್ಟೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಗಿಯಾಗಿ ಕಚ್ಚಿರಬೇಕು; ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಹೆಪ್ಪೂ ಜತೆಯಲ್ಲಿಯೇ ಎದ್ದುಬರುತ್ತದೆ. ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಎಂಜಲನ್ನು ನುಂಗಬೇಕು. ಅದು ಕೆಂಪಗಿರುವುದು ಸಹಜ. ಒಂದು ಹನಿ ರಕ್ತ ಬಾಯಿಯ ಎಂಜಲಿಗೆಲ್ಲ ಬಣ್ಣ ಕೊಡಬಲ್ಲದು.

ಇನ್ನು ಮನೆಯವರ ಉಪಚಾರ. ಕೆನ್ನೆ ಊದಿದ ಮಗಳನ್ನು ಕಂಡೊಡನೆ ತಾಯಿ ಬಿಸಿ ಕಾಫಿ ತರುತ್ತಾಳೆ. ಅಜ್ಜಿ ಬಟ್ಟೆ ಕಾಯಿಸಿ ಶಾಖ ಕೊಡಲು ಕೂರುತ್ತಾಳೆ. ಬಿಸಿಯಿಂದ ರಕ್ತದ ಹರಿವು ಹೆಚ್ಚುತ್ತದೆ. ಮೊದಲ ದಿನ ಬೇಕಾದದ್ದು ತಂಪು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಬೇಕು, ಮತ್ತೆ ಇಡಬೇಕು. ಎರಡು ದಿನ ಕಳೆದು ದವಡೆ ಬಿಗಿದುಕೊಂಡಾಗ ಹದವಾದ ಶಾಖ ಒಳ್ಳೆಯದೇ. ಅಜ್ಜಿಯ ಮದ್ದು ತಪ್ಪಲ್ಲ, ಹೊತ್ತು ತಪ್ಪು. ಚಿಕ್ಕಪ್ಪ ತೋಟದಿಂದ ಎಳನೀರು ಇಳಿಸಿ, ಕೊಳವೆ ಹಾಕಿ ಕೊಡುತ್ತಾನೆ. ತೆಂಗಿನ ಸೀಮೆಯಲ್ಲಿ ರೋಗಿಗೆ ಇದಕ್ಕಿಂತ ಹಿತವಾದ ಪಾನೀಯ ಉಂಟೆ? ಆದರೆ ಕೊಳವೆಯಿಂದ ಹೀರುವ ಸೆಳೆತಕ್ಕೆ ಹೆಪ್ಪು ಕಳಚಬಹುದು. ಲೋಟಕ್ಕೆ ಬಗ್ಗಿಸಿ ಕುಡಿಯಬೇಕು, ಅಷ್ಟೆ. ಲವಂಗದೆಣ್ಣೆಯನ್ನು ಗಾಯಕ್ಕೆ ತಾವೇ ಸವರಿದರೆ ಸುಟ್ಟೀತು. ಗಂಡಸರ ಬೀಡಿ ಸಿಗರೇಟು, ಹೆಂಗಸರ ಎಲೆಯಡಿಕೆ ಹೊಗೆಸೊಪ್ಪು, ಇವಕ್ಕೆ ಕಡೇಪಕ್ಷ ಒಂದು ವಾರದ ರಜೆ ಕೊಡಲೇಬೇಕು. ಧೂಮಪಾನಿಗಳ ಗಾಯ ಮಾಯುವುದು ನಿಧಾನ.

ಊಟದ ವಿಷಯದಲ್ಲಿ ಹಾಸನದ ಕಡೆಯವರು ಭಾಗ್ಯಶಾಲಿಗಳು. ಅಗಿಯದೆ ನುಂಗಬೇಕಾದ ಅನ್ನವೊಂದನ್ನು ಅವರು ತಲೆಮಾರುಗಳಿಂದ ಉಣ್ಣುತ್ತಿದ್ದಾರೆ. ಮುದ್ದೆಯನ್ನು ಹಲ್ಲಿಗೆ ತಾಕಿಸುವವನನ್ನು ಕಂಡು ನಗುವ ಸೀಮೆ ಅದು! ಮೊದಲ ದಿನ ತಣ್ಣಗಾದ ರಾಗಿ ಅಂಬಲಿ, ಗಂಜಿ, ಮೊಸರು; ಮರುದಿನದಿಂದ ಮೆತ್ತಗಿನ ಮೊಸರನ್ನ, ಬೇಳೆಕಟ್ಟು. ಬಾಯಿ ತೆರೆಯುವಂತಾದ ಮೇಲೆ ಸಣ್ಣ ಸಣ್ಣ ತುತ್ತಿನ ಆರಿದ ಮುದ್ದೆ. ಅದರ ಜೊತೆಗೆ ಉಪ್ಸಾರಿನ ಖಾರ ಮಾತ್ರ ಬೇಡ. ಮೆಣಸಿನಕಾಯಿ ಬೀಜ, ಎಳ್ಳು, ಅವಲಕ್ಕಿ, ಚಕ್ಕುಲಿಯ ಚೂರು ಕುಳಿಯಲ್ಲಿ ಸೇರಿಕೊಂಡರೆ ತೆಗೆಯುವುದು ಕಷ್ಟ. ಕಡ್ಡಿಯಿಂದ ಕೆದಕಲಂತೂ ಕೂಡದು. ಒಂದು ದಿನ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ತುಂಬಿಕೊಂಡು, ತಲೆಯನ್ನು ಅತ್ತಿತ್ತ ವಾಲಿಸಿ, ಉಗುಳದೆ ಸುಮ್ಮನೆ ಬೀಳಗೊಡಬೇಕು. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬೇಕು.

ಮರಗಟ್ಟಿದ್ದು ಇಳಿಯಲು ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ನೋವಿನ ಮಾತ್ರೆಯನ್ನು ಅದು ಇಳಿಯುವ ಮುಂಚೆಯೇ, ವೈದ್ಯರು ಬರೆದುಕೊಟ್ಟಂತೆ, ತೆಗೆದುಕೊಳ್ಳಬೇಕು. ಸಹಿಸಿ ಸಹಿಸಿ ಕಡೆಗೆ ನುಂಗುವುದರಲ್ಲಿ ಶೌರ್ಯವಿಲ್ಲ. ಪಕ್ಕದ ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಕೇಳಿ ತರುವುದು ಬೇಡ. ಬಾವು ಎರಡನೆಯ ಮೂರನೆಯ ದಿನ ಅತ್ಯಂತ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಕನ್ನಡಿ ನೋಡಿ ಅಳುವುದಕ್ಕೆ ಮೊದಲು ಇದು ತಿಳಿದಿರಬೇಕು. ಮದುವೆಯ ವಾರವನ್ನೋ ಪರೀಕ್ಷೆಯ ಮುನ್ನಾದಿನಗಳನ್ನೋ ಈ ಕೆಲಸಕ್ಕೆ ಆರಿಸಬಾರದು. ಕೆನ್ನೆಯಲ್ಲಿ ಹಳದಿ ನೀಲಿ ಕಂದು ಕಾಣಿಸಬಹುದು, ಬಾಯಿ ಎರಡು ಬೆರಳಿನಷ್ಟೇ ತೆರೆಯಬಹುದು. ತಲೆಯನ್ನು ಎತ್ತರವಾಗಿಟ್ಟು ಮಲಗುವುದೂ, ಎರಡು ಮೂರು ದಿನ ಭಾರ ಎತ್ತದಿರುವುದೂ ಲೇಸು.

ನಿಜವಾದ ಪರೀಕ್ಷೆ ಮೂರನೆಯ ದಿನದಿಂದ ಐದನೆಯ ದಿನದವರೆಗೆ. ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದಂತೆ ಹೆಚ್ಚಿ, ಕಿವಿಯವರೆಗೆ ಸಿಡಿದು, ಬಾಯಿ ನಾರತೊಡಗಿದರೆ ಹೆಪ್ಪು ಕಳಚಿ ಕುಳಿ ಬರಿದಾಗಿದೆಯೆಂದು ತಿಳಿಯಬೇಕು. 1896ರಲ್ಲಿ ಕ್ರಾಫರ್ಡ್ ಎಂಬ ವೈದ್ಯನು ಇದಕ್ಕೆ ‘ಒಣ ಕುಳಿ’ ಎಂಬರ್ಥದ ಹೆಸರನ್ನು ಕೊಟ್ಟನು. ಕೆಳದವಡೆಯ ಬುದ್ಧಿಹಲ್ಲಿನಲ್ಲಿಯೇ ಇದು ಹೆಚ್ಚು. ಪ್ರಾಣಕ್ಕೆ ಅಪಾಯವಿಲ್ಲವಾದರೂ ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವು. ಹಳ್ಳಿಯ ಮನೆಗಳಲ್ಲಿ “ಹಲ್ಲು ಕಿತ್ತ ಮ್ಯಾಲೆ ನೋವು ಇರಾಕಿಲ್ವೇ?” ಎಂದು ಸಮಾಧಾನ ಹೇಳಿ ವಾರಗಟ್ಟಲೆ ನರಳಿಸುವುದುಂಟು. ಅದು ಅನಗತ್ಯ. ವೈದ್ಯರು ಕುಳಿಯನ್ನು ತೊಳೆದು ಔಷಧ ತುಂಬಿದರೆ ಬಹುಬೇಗ ಉಪಶಮನವಾಗುತ್ತದೆ. ಮತ್ತೊಮ್ಮೆ ಹಾಸನದ ಬಸ್ಸು ಹತ್ತುವುದಕ್ಕೆ ನಾಚಬೇಕಾದ್ದಿಲ್ಲ.

ತುಟಿಯ ಅಥವಾ ನಾಲಗೆಯ ಒಂದು ಭಾಗ ಮರುದಿನವೂ ಮರಗಟ್ಟಿದ್ದರೆ ವೈದ್ಯರಿಗೆ ತಿಳಿಸಬೇಕು. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ. ಬಟ್ಟೆ ಕಚ್ಚಿ ಕುಳಿತರೂ ನಿಲ್ಲದ ರಕ್ತ, ಜ್ವರ, ಮೂರು ದಿನ ಕಳೆದ ಮೇಲೂ ಏರುವ ಬಾವು, ಕೀವು—ಇವು ಕಂಡರೆ ಅಂದೇ ಹೊರಡಬೇಕು. ನುಂಗಲು ಆಗದಿದ್ದರೆ, ಉಸಿರಾಟಕ್ಕೆ ತೊಡಕಾದರೆ, ಗದ್ದದ ಕೆಳಗೆ ಗಟ್ಟಿಯಾಗಿ ಊದಿದರೆ ಬೆಳಗಾಗುವವರೆಗೂ ಕಾಯಬಾರದು. ನಡುರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಯನ್ನು ಸೇರಬೇಕು.

ಸಾಮಾನ್ಯವಾಗಿ ಇಷ್ಟೆಲ್ಲ ಆಗುವುದಿಲ್ಲ. ಒಂದು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ, ಅಥವಾ ಅದು ತಾನಾಗಿ ಕರಗುತ್ತದೆ. ವಸಡು ಮೂರು ನಾಲ್ಕು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಅದರಡಿಯ ಎಲುಬು ಮಾತ್ರ ಅವಸರಪಡದೆ ಕೆಲವು ತಿಂಗಳು ತೆಗೆದುಕೊಂಡು ಕುಳಿಯನ್ನು ತುಂಬುತ್ತದೆ. ಆ ವೇಳೆಗೆ ಮಗಳು ಬೆಂಗಳೂರಿಗೆ ಮರಳಿ, ಎರಡೂ ಕಡೆಯ ದವಡೆಯಲ್ಲಿ ಅಜ್ಜಿ ಕಳುಹಿಸಿದ ಕೋಡುಬಳೆಯನ್ನು ಕಡಿಯುತ್ತಿರುತ್ತಾಳೆ.