73 ಗೆಲುವನ್ನು ಒಂದು ಸೋಲು ಅಳಿಸೀತೆ?

2016ರ ಜೂನ್ 19ರಂದು ಓಕ್‌ಲ್ಯಾಂಡ್‌ನಲ್ಲಿ ನಡೆದ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ಗೆ 93–89ರಿಂದ ಸೋತಿತು. ಆ ವರ್ಷ ಲೀಗ್ ಹಂತದ 82 ಪಂದ್ಯಗಳಲ್ಲಿ 73ನ್ನು ಗೆದ್ದು, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ಅದುವರೆಗೆ ಯಾರೂ ಮಾಡದ ಸಾಧನೆ ಮಾಡಿದ್ದ ತಂಡವದು. ಆದರೂ ಬಾಸ್ಕೆಟ್‌ಬಾಲ್ ಪ್ರಿಯರಿಗೆ ಇಂದು ಮೊದಲು ನೆನಪಾಗುವುದು ಫೈನಲ್ಸ್‌ನಲ್ಲಿ 3–1ರಿಂದ ಮುಂದಿದ್ದೂ ಅದು ಸೋತದ್ದು. ಟ್ರೋಫಿ ಬಾರದಿದ್ದರೆ ಉಳಿದದ್ದೆಲ್ಲ ವ್ಯರ್ಥ ಎಂಬ ಈ ತೀರ್ಪು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ತಂಡ ಎಷ್ಟು ಒಳ್ಳೆಯದು ಎಂಬುದನ್ನು ಅಳೆಯಲು ಕೊನೆಯ ಒಂದು ವಾರಕ್ಕಿಂತ ಆರು ತಿಂಗಳ ದುಡಿಮೆ ಹೆಚ್ಚು ನಂಬಿಕೆಗೆ ಅರ್ಹವಾದ ಅಳತೆ.

ಆ ದುಡಿಮೆ ಎಂಥದ್ದೆಂದು ನೋಡಿ. ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಸರಾಸರಿ ಎರಡು ದಿನಕ್ಕೊಂದು ಪಂದ್ಯ. ಅರ್ಧದಷ್ಟು ಪಂದ್ಯಗಳು ಪರಊರಿನಲ್ಲಿ, ಎಷ್ಟೋ ಸಲ ಇಂದು ರಾತ್ರಿ ಒಂದು ನಗರ, ನಾಳೆ ರಾತ್ರಿ ಇನ್ನೊಂದು. ವಾರಿಯರ್ಸ್ ಮೊದಲ 24 ಪಂದ್ಯಗಳನ್ನು ಸತತವಾಗಿ ಗೆದ್ದಿತು. ಮೊದಲ ಸೋಲು ಬಂದದ್ದು ಡಿಸೆಂಬರ್ 12ರಂದು ಮಿಲ್ವಾಕಿಯಲ್ಲಿ. ಹಿಂದಿನ ರಾತ್ರಿಯಷ್ಟೇ ಅದು ಬಾಸ್ಟನ್‌ನಲ್ಲಿ ಎರಡು ಓವರ್‌ಟೈಮ್ ಆಡಿ ಗೆದ್ದು ಬಂದಿತ್ತು. ಇನ್ನೂ ದೊಡ್ಡ ಮಾತೆಂದರೆ, ಮುಖ್ಯ ಕೋಚ್ ಸ್ಟೀವ್ ಕರ್ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಮೊದಲ 43 ಪಂದ್ಯಗಳಿಗೆ ಇರಲೇ ಇಲ್ಲ. ಸಹಾಯಕ ಕೋಚ್ ಲ್ಯೂಕ್ ವಾಲ್ಟನ್ ಉಸ್ತುವಾರಿಯಲ್ಲಿ ತಂಡ 39 ಗೆದ್ದು ನಾಲ್ಕನ್ನಷ್ಟೇ ಸೋತಿತು. ಲೀಗ್ ಹಂತದುದ್ದಕ್ಕೂ ಒಮ್ಮೆಯೂ ಸತತ ಎರಡು ಪಂದ್ಯ ಸೋಲಲಿಲ್ಲ. ಸ್ಟೀಫನ್ ಕರಿ 402 ಸಲ ಮೂರು ಅಂಕದ ಗೆರೆಯಾಚೆಯಿಂದ ಚೆಂಡನ್ನು ಬುಟ್ಟಿಗೆ ಹಾಕಿದರು. ಅದಕ್ಕೆ ಮೊದಲಿನ ದಾಖಲೆ 286. ಅದೂ ಅವರದೇ, ಹಿಂದಿನ ವರ್ಷದ್ದು. ಮುನ್ನೂರನ್ನೇ ಯಾರೂ ಮುಟ್ಟಿರದ ಕಡೆ ಒಬ್ಬ ಆಟಗಾರ ನಾನೂರು ದಾಟಿದ್ದರು. ಆ ವರ್ಷ ಅತ್ಯುತ್ತಮ ಆಟಗಾರನ ಗೌರವಕ್ಕೆ ಪ್ರತಿಯೊಂದು ಮೊದಲ ಸ್ಥಾನದ ಮತವೂ ಅವರಿಗೇ ಬಿದ್ದಿತು. ಲೀಗಿನ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಬುಟ್ಟಿಯಿಂದ ಅಷ್ಟು ದೂರದಲ್ಲಿ ನಿಂತು ಆಡುವುದನ್ನೇ ಪಂದ್ಯ ಗೆಲ್ಲುವ ಹಾದಿಯನ್ನಾಗಿ ಮಾಡಬಹುದೆಂದು ಉಳಿದ ತಂಡಗಳಿಗೆ ಮನದಟ್ಟಾಗಲು ಆ ಋತುವಿನ ಪಾಲು ಬಹಳ. ಇಂದು ಎಲ್ಲ ತಂಡಗಳೂ ಹಾಗೆಯೇ ಆಡುತ್ತಿವೆ.

ಇನ್ನು ಫೈನಲ್ಸ್. ಮೊದಲ ಆರು ಪಂದ್ಯಗಳಲ್ಲಿ ಎರಡೂ ತಂಡಗಳು ಗಳಿಸಿದ ಒಟ್ಟು ಅಂಕ ತಲಾ 610, ಸಮಸಮ. ಏಳನೆಯದರಲ್ಲೂ 89–89ರವರೆಗೆ ಸಮವೇ. ಕೊನೆಗೆ 53 ಸೆಕೆಂಡು ಉಳಿದಿದ್ದಾಗ ಕ್ಲೀವ್‌ಲ್ಯಾಂಡ್‌ನ ಕೈರಿ ಅರ್ವಿಂಗ್ ಹಾಕಿದ ಮೂರು ಅಂಕ, ಆಮೇಲೆ ಲೆಬ್ರಾನ್ ಜೇಮ್ಸ್ ಫ್ರೀ ಥ್ರೋನಲ್ಲಿ ಗಳಿಸಿದ ಒಂದು ಅಂಕ. ಏಳು ಪಂದ್ಯಗಳ ಸರಣಿಯಲ್ಲಿ ಒಟ್ಟಾರೆ ಅಂತರ ನಾಲ್ಕೇ ಅಂಕ! ಐದನೇ ಪಂದ್ಯಕ್ಕೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಅಮಾನತಾಗಿದ್ದರು. ಅದೇ ಪಂದ್ಯದಲ್ಲಿ ಆಂಡ್ರ್ಯೂ ಬೋಗಟ್ ಮೊಣಕಾಲಿಗೆ ಪೆಟ್ಟಾಗಿ ಹೊರಬಿದ್ದರು. ಕರಿಯ ಮೊಣಕಾಲು ಹ್ಯೂಸ್ಟನ್ ವಿರುದ್ಧದ ಮೊದಲ ಸುತ್ತಿನಲ್ಲೇ ಉಳುಕಿತ್ತು. ಇಷ್ಟು ಸಣ್ಣ ಅಂತರದ ಮೇಲೆ ನಿಂತ ಫಲಿತಾಂಶವನ್ನು ಹಿಡಿದು ಇಡೀ ಋತುವನ್ನೇ ಸೋಲೆಂದು ಕರೆಯುವುದು ನ್ಯಾಯವೆನಿಸುವುದಿಲ್ಲ.

ಇದರಿಂದ ಕ್ಲೀವ್‌ಲ್ಯಾಂಡ್‌ನ ಗೆಲುವನ್ನು ಕಿರಿದು ಮಾಡಿದಂತಾಗುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಇಲ್ಲ. ಆ ಸರಣಿಯಲ್ಲಿ ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಐದರಲ್ಲೂ ಎರಡೂ ತಂಡಗಳ ಎಲ್ಲರಿಗಿಂತ ಜೇಮ್ಸ್ ಮುಂದಿದ್ದರು. ಗ್ರೀನ್ ಅಮಾನತಾದದ್ದು ಅವರದೇ ತಪ್ಪಿನಿಂದ. ಏಳನೇ ಪಂದ್ಯದ ಕೊನೆಯ ನಾಲ್ಕೂವರೆ ನಿಮಿಷ ವಾರಿಯರ್ಸ್‌ಗೆ ಒಂದೇ ಒಂದು ಅಂಕ ಬರಲಿಲ್ಲ. ಫೈನಲ್ಸ್‌ನಲ್ಲಿ 1–3ರ ಹಿನ್ನಡೆಯಿಂದ ಅದುವರೆಗೆ ಯಾವ ತಂಡವೂ ಮೇಲೆದ್ದಿರಲಿಲ್ಲ. 52 ವರ್ಷಗಳಿಂದ ಯಾವ ಪ್ರಮುಖ ಕ್ರೀಡೆಯಲ್ಲೂ ಪ್ರಶಸ್ತಿ ಕಾಣದಿದ್ದ ನಗರಕ್ಕೆ ಆ ಟ್ರೋಫಿ ನ್ಯಾಯವಾಗಿಯೇ ಸೇರಿತು. ಗೆದ್ದವರಿಗೆ ಸಲ್ಲಬೇಕಾದದ್ದು ಪೂರ್ತಿ ಸಲ್ಲಲಿ. ಅದಕ್ಕಾಗಿ ಸೋತವರ ಆರು ತಿಂಗಳನ್ನು ಕಿತ್ತುಕೊಳ್ಳಬೇಕಾಗಿಲ್ಲ.

ದಾಖಲೆಯ ಬೆನ್ನು ಹತ್ತಿ ದಣಿದದ್ದರಿಂದಲೇ ವಾರಿಯರ್ಸ್ ಸೋತಿತು, ಏಪ್ರಿಲ್‌ನಲ್ಲಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡಬೇಕಿತ್ತು ಎಂಬ ವಾದ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಉತ್ತರ ಅದೇ ವರ್ಷದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿದೆ. ಕೋಚ್ ಗ್ರೆಗ್ ಪೊಪೊವಿಚ್ ಆಟಗಾರರಿಗೆ ವಿಶ್ರಾಂತಿ ಕೊಡುವುದರಲ್ಲಿ ಲೀಗಿಗೇ ಹೆಸರಾದವರು. ಅವರ ತಂಡ 67 ಪಂದ್ಯ ಗೆದ್ದಿತು, ತವರಿನಲ್ಲಿ 41ರಲ್ಲಿ ಒಂದನ್ನಷ್ಟೇ ಸೋತಿತು. ಆ ಒಂದು ಸೋಲೂ ಏಪ್ರಿಲ್ 10ರಂದು, ವಾರಿಯರ್ಸ್‌ನ 72ನೇ ಗೆಲುವಾಗಿ ಬಂದದ್ದು. ಅಷ್ಟು ಜೋಪಾನ ಮಾಡಿಯೂ ಸ್ಪರ್ಸ್ ಎರಡನೇ ಸುತ್ತಿನಲ್ಲೇ ಓಕ್ಲಹೋಮಾ ಸಿಟಿಗೆ ಸೋತು ಹೊರನಡೆಯಿತು. ಅದೇ ಓಕ್ಲಹೋಮಾ ಸಿಟಿಯನ್ನು ವಾರಿಯರ್ಸ್ ಮುಂದಿನ ಸುತ್ತಿನಲ್ಲಿ 1–3ರಿಂದ ಹಿಂದಿದ್ದು ಸೋಲಿಸಿತು; ಆರನೇ ಪಂದ್ಯದಲ್ಲಿ ಕ್ಲೇ ಥಾಂಪ್ಸನ್ 11 ಮೂರಂಕದ ಬುಟ್ಟಿ ಹಾಕಿದರು. ದಣಿದು ಕುಸಿದ ತಂಡ ಹಾಗೆ ಎದ್ದು ನಿಲ್ಲುವುದು ಕಷ್ಟ.

ಕೊನೆಗೆ ಟ್ರೋಫಿಯೊಂದೇ ಗುರಿ, ಆಟಗಾರರೇ ಹಾಗೆ ಹೇಳುತ್ತಾರಲ್ಲ ಎಂಬ ಮಾತು. ಆಟಗಾರರು ಹಾಗೆ ನಂಬಿ ಆಡುವುದು ಸರಿಯೇ. ನೋಡುವವರೂ ಹಾಗೆಯೇ ನಂಬಿದರೆ ಆಗುವ ನಷ್ಟ ಬೇರೆ. ಲೀಗ್ ಪಂದ್ಯಗಳಿಗೆ ಬೆಲೆಯಿಲ್ಲವೆಂದಾದರೆ ತಾರೆಯರನ್ನು ಬೆಂಚಿನಲ್ಲಿ ಕೂರಿಸುವುದೇ ಜಾಣತನ ಎನಿಸಿಕೊಳ್ಳುತ್ತದೆ. 2012ರ ನವೆಂಬರ್‌ನಲ್ಲಿ ಮಯಾಮಿಯಲ್ಲಿ ಆಡಬೇಕಿದ್ದ ನಾಲ್ವರನ್ನು ಮನೆಗೆ ಕಳಿಸಿದ್ದಕ್ಕೆ ಲೀಗ್ ಸ್ಪರ್ಸ್‌ಗೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತ್ತು. ಆದರೂ ಚಾಳಿ ನಿಲ್ಲಲಿಲ್ಲ. 2023–24ರಿಂದ ಪ್ರಮುಖ ಪ್ರಶಸ್ತಿಗಳಿಗೆ ಪರಿಗಣಿಸಲು ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮವನ್ನೇ ತರಬೇಕಾಯಿತು. ವರ್ಷಕ್ಕೊಮ್ಮೆ ಟಿಕೆಟ್ ಕೊಂಡು ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಕ್ಕೆ ಆ ದಿನದ ಪಂದ್ಯವೇ ಫೈನಲ್. 2015–16ರ ವಾರಿಯರ್ಸ್ ಆ ಪ್ರೇಕ್ಷಕರಿಗೆ ಮೋಸ ಮಾಡಲಿಲ್ಲ. ಫೆಬ್ರುವರಿ 27ರಂದು ಓಕ್ಲಹೋಮಾ ಸಿಟಿಯಲ್ಲಿ ಓವರ್‌ಟೈಮ್‌ನ ಕೊನೆಯ ಕ್ಷಣದಲ್ಲಿ ಕರಿ ಅಂಗಳದ ನಡುಗೆರೆಯ ಸಮೀಪದಿಂದಲೇ ಚೆಂಡು ಹಾಕಿ ಗೆಲ್ಲಿಸಿದ್ದು ಇಂಥ ಒಂದು ಲೀಗ್ ಪಂದ್ಯದಲ್ಲೇ.

ಮರುವರ್ಷ ಕೆವಿನ್ ಡ್ಯುರಾಂಟ್ ಬಂದು ಸೇರಿದ ಮೇಲೆ ವಾರಿಯರ್ಸ್ 67 ಪಂದ್ಯ ಗೆದ್ದಿತು, ಪ್ಲೇಆಫ್‌ನ 17ರಲ್ಲಿ 16 ಗೆದ್ದು ಟ್ರೋಫಿಯನ್ನೂ ಎತ್ತಿತು. ಅದು ಹೆಚ್ಚು ಬಲಿಷ್ಠ ತಂಡವಾಗಿತ್ತೇನೋ. ಆದರೆ ಒಂದು ತಂಡ ಅಕ್ಟೋಬರ್‌ನಿಂದ ಪ್ರತಿ ರಾತ್ರಿಯೂ ಹೇಗೆ ಆಡಬೇಕೆಂದು ತೋರಿಸಿಕೊಟ್ಟದ್ದು ಟ್ರೋಫಿ ಸಿಗದ ಆ ಋತು. ವಾರಿಯರ್ಸ್ ಆಡಿದ ಎಲ್ಲ ಋತುಗಳಲ್ಲಿ ನನ್ನ ಆಯ್ಕೆ ಅದೇ. 1995–96ರಲ್ಲಿ ಶಿಕಾಗೊ ಬುಲ್ಸ್ ಬರೆದ 72 ಗೆಲುವಿನ ದಾಖಲೆ ಇಪ್ಪತ್ತು ವರ್ಷ ನಿಂತಿತ್ತು. ವಾರಿಯರ್ಸ್‌ನ 73ನ್ನು ಇನ್ನೂ ಯಾರೂ ಮುಟ್ಟಿಲ್ಲ.